ನಿದ್ದೆಗೆಟ್ಟರೆ ಮಗಳ ಬೆನ್ನುಮೂಳೆ ಬಾಗುತ್ತದಾ?

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡೂವರೆ ವರ್ಷ, ಏಳನೇ ಕ್ಲಾಸು. ಇನ್ನೂ ದೊಡ್ಡವಳಾಗಿಲ್ಲ. ದಸರಾಕ್ಕೆ ಲಂಗ-ಬ್ಲೌಸ್ ಹೊಲಿಸಲು ಹೋದಾಗ ಟೈಲರ್ ಅಳತೆ ತೆಗೆದು, ‘ಅಕ್ಕಾ, ಪಾಪುದು ಬಲಗಡೆ ಭುಜ ಮೇಲಿದೆ ನೋಡಿ, ಸೊಂಟದ ಹತ್ತಿರಾನೂ ಎರಡು ಕಡೆ ಒಂದೇ ಥರ ಇಲ್ಲ’ ಅಂದರು. ಡಾಕ್ಟರಿಗೆ ತೋರಿಸಿದೆವು. ಎಕ್ಸ್-ರೇ ತೆಗೆದು, ‘ಸ್ಕೋಲಿಯೋಸಿಸ್, 18 ಡಿಗ್ರಿ, ಎದೆಭಾಗದಲ್ಲಿ ಬಲಕ್ಕೆ ಬಾಗಿದೆ, ಆರು ತಿಂಗಳು ಬಿಟ್ಟು ಬನ್ನಿ’ ಅಂದರು. ಔಷಧಿ ಏನೂ ಕೊಡಲಿಲ್ಲ. ಅವಳು ರಾತ್ರಿ ಹನ್ನೆರಡು, ಒಂದು ಗಂಟೆಯಾದರೂ ಮಲಗುವುದಿಲ್ಲ, ಕೈಯಲ್ಲಿ ಮೊಬೈಲ್. ನಿದ್ದೆಯ ಹಾರ್ಮೋನು ಕಡಿಮೆಯಾದರೆ ಬೆನ್ನುಮೂಳೆ ಸೊಟ್ಟಗಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. ಭಾವನ ಮಗ ಮೆಡಿಕಲ್ ಶಾಪ್‌ನಲ್ಲಿದ್ದಾನೆ. ‘ಮೆಲಟೋನಿನ್ ಗಮ್ಮಿ ಕೊಡಿ ಚಿಕ್ಕಮ್ಮ, ನಿದ್ದೆನೂ ಬರುತ್ತೆ, ಬೆನ್ನೂ ಸರಿಹೋಗುತ್ತೆ’ ಅನ್ನುತ್ತಾನೆ. ಅತ್ತೆ ಚಾಪೆ ಮೇಲೆ ಮಲಗಿಸು ಅನ್ನುತ್ತಾರೆ. ಮುಂದೆ ಮದುವೆಗೆ ತೊಂದರೆಯಾಗುತ್ತದೆ ಎಂಬುದು ಅವರ ಚಿಂತೆ. ಮಗಳು ಶಾಲೆಯ ಖೊ-ಖೊ ಟೀಮಿನಲ್ಲಿದ್ದಾಳೆ, ಬಿಡಿಸಬೇಕಾ? ನಾನು ಮೊದಲಿಂದಲೇ ಬೇಗ ಮಲಗಿಸಿದ್ದರೆ ಹೀಗಾಗುತ್ತಿರಲಿಲ್ಲವಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇಲ್ಲ, ನೀವು ರಾತ್ರಿ ಎಂಟಕ್ಕೇ ಮಲಗಿಸಿದ್ದರೂ ಈ ಬಾಗು ಬರುವುದಿದ್ದರೆ ಬರುತ್ತಿತ್ತು. ಈ ಕಾಯಿಲೆ ಇರುವ ಮಕ್ಕಳ ಅಮ್ಮಂದಿರು ನನ್ನ ಮುಂದೆ ಕೂತು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ಒಬ್ಬರು ಹಾಲು ಕುಡಿಸಲಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಎಳೆಗೂಸಿದ್ದಾಗ ಸೊಂಟದ ಮೇಲೆ ಎತ್ತಿಕೊಂಡು ಓಡಾಡಿದ್ದೇ ತಪ್ಪಾಯಿತಾ ಅನ್ನುತ್ತಾರೆ. ಅಪ್ಪಂದಿರು ಈ ಪ್ರಶ್ನೆ ಕೇಳಿದ್ದು ನನಗೆ ಅಷ್ಟಾಗಿ ನೆನಪಿಲ್ಲ. ಇರಲಿ.

ಆದರೆ ವಾಟ್ಸಾಪಿನ ಆ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಅದರ ಹಿಂದೆ ನಿಜವಾದ ಒಂದು ಕಥೆ ಇದೆ, ಕೋಳಿಮರಿಗಳ ಕಥೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವ 18 ಅನ್ನುವ ಸಂಖ್ಯೆ ಏನು ಎಂದು ನೋಡೋಣ.

ಎಕ್ಸ್-ರೇ ಮೇಲೆ ಬಾಗಿನ ಮೇಲ್ತುದಿಯ ಮೂಳೆಗೊಂದು, ಕೆಳತುದಿಯ ಮೂಳೆಗೊಂದು ಗೆರೆ ಎಳೆಯುತ್ತೇವೆ. ಆ ಎರಡು ಗೆರೆಗಳ ನಡುವಿನ ಕೋನವೇ ನಿಮಗೆ ಹೇಳಿದ ಡಿಗ್ರಿ. 1948ರಲ್ಲಿ ಅಮೆರಿಕದ ಜಾನ್ ಕಾಬ್ ವಿವರಿಸಿದ ವಿಧಾನ ಇದು, ಇವತ್ತಿಗೂ ಅದನ್ನು ಕಾಬ್ ಕೋನ ಎಂದೇ ಕರೆಯುತ್ತೇವೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದಕ್ಕೆ ಸ್ಕೋಲಿಯೋಸಿಸ್ ಎನ್ನುವುದೇ ಇಲ್ಲ. ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ 10 ಡಿಗ್ರಿ ದಾಟಿದ ಬಾಗು ಇರುತ್ತದೆ. ನಿಮ್ಮ ಮಗಳ ಶಾಲೆಯಲ್ಲೇ ಇನ್ನೂ ನಾಲ್ಕಾರು ಮಕ್ಕಳಿಗೆ ಇದ್ದೀತು. ಅವರ ಟೈಲರ್ ಅಷ್ಟು ಚುರುಕಿಲ್ಲ, ಅಷ್ಟೇ. ಸಣ್ಣ ಬಾಗುಗಳು ಹುಡುಗ-ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮವಾಗಿ ಕಾಣುತ್ತವೆ. ಜಾಸ್ತಿಯಾಗುತ್ತಾ ಹೋಗುವ ದೊಡ್ಡ ಬಾಗುಗಳು ಮಾತ್ರ ಹುಡುಗಿಯರಲ್ಲೇ ಹೆಚ್ಚು. ಇದು ಗೂನು ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗೂನು ಅಂದರೆ ಬೆನ್ನು ಮುಂದಕ್ಕೆ ಬಗ್ಗುವುದು. ಇಲ್ಲಿ ಬೆನ್ನುಮೂಳೆ ಪಕ್ಕಕ್ಕೆ ವಾಲುತ್ತಾ, ಜೊತೆಗೆ ಬಟ್ಟೆ ಹಿಂಡುವಾಗ ತಿರುಚಿಕೊಳ್ಳುವ ಹಾಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚಿಗೇ ಒಂದು ಕಡೆಯ ಪಕ್ಕೆಲುಬು ಉಬ್ಬುವುದು, ಹೆಗಲಿನ ಎಲುಬು ಎದ್ದು ಕಾಣುವುದು.

ಈ ಕೋನ ಅಳೆಯುವುದರಲ್ಲಿ 5 ಡಿಗ್ರಿ ಆಚೀಚೆ ಆಗುವುದು ಮಾಮೂಲು. ಒಂದೇ ಫಿಲ್ಮನ್ನು ಇಬ್ಬರು ಡಾಕ್ಟರು ಅಳೆದರೆ 16, 20 ಎಂದು ಬೇರೆ ಬೇರೆ ಬರಬಹುದು. ದಿನವಿಡೀ ಓಡಾಡಿ ಸಂಜೆಗೆ ಬಾಗು ಒಂದಿಷ್ಟು ಜಾಸ್ತಿ ಕಾಣುವುದೂ ಇದೆ. ಹಾಗಾಗಿ ಮುಂದಿನ ಸಲ 21 ಎಂದು ಬಂದರೆ ‘ಮೂರು ಡಿಗ್ರಿ ಜಾಸ್ತಿಯಾಯಿತು’ ಎಂದು ಅಳಬೇಡಿ, 15 ಬಂದರೆ ಗಮ್ಮಿಯಿಂದ ಕಮ್ಮಿಯಾಯಿತು ಎಂದು ಹಬ್ಬವನ್ನೂ ಮಾಡಬೇಡಿ. ಈ ಎರಡನೆಯದನ್ನು ನಾನು ಬಹಳ ಸಲ ನೋಡಿದ್ದೇನೆ. ಯಾವುದೋ ಎಣ್ಣೆ, ಯಾವುದೋ ಪುಡಿ, ಎರಡು ಡಿಗ್ರಿ ಇಳಿಯಿತು ಎಂಬ ಸಂತೋಷ. ಇಳಿದದ್ದು ಬಾಗಲ್ಲ, ಪೆನ್ಸಿಲ್ ಗೆರೆ.

ಈಗ ಕೋಳಿಮರಿ.

ಮೆದುಳಿನ ನಡುಭಾಗದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ಗ್ರಂಥಿ ಇದೆ, ಪೀನಿಯಲ್ ಎಂದು ಹೆಸರು. ಕತ್ತಲಾದಾಗ ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್ ಅದನ್ನು ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ಅವರು ಚರ್ಮದ ಡಾಕ್ಟರು. ಹುಡುಕಲು ಹೊರಟದ್ದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದನ್ನು, ನಿದ್ದೆ ಅವರ ತಲೆಯಲ್ಲೇ ಇರಲಿಲ್ಲ. ಮರುವರ್ಷ, 1959ರಲ್ಲಿ, ತಿಯಾರ್ ಎಂಬ ಫ್ರೆಂಚ್ ವಿಜ್ಞಾನಿ ಕೋಳಿಮರಿಗಳ ಪೀನಿಯಲ್ ಗ್ರಂಥಿ ತೆಗೆದು ನೋಡಿದರು. ಮರಿಗಳು ಬೆಳೆಯುತ್ತಾ ಹೋದಂತೆ ಹಲವುಗಳ ಬೆನ್ನುಮೂಳೆ ಪಕ್ಕಕ್ಕೆ ಬಾಗಿತು.

ಇದು ಬಹಳ ವರ್ಷ ಮೂಲೆಯಲ್ಲಿ ಬಿದ್ದಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಝಾನ್ ದುಬೂಸೆ, ಆಮೇಲೆ 1990ರ ದಶಕದಲ್ಲಿ ಜಪಾನಿನ ಮಸಾಫುಮಿ ಮಚಿದಾ ಇದನ್ನು ಮತ್ತೆ ಕೈಗೆತ್ತಿಕೊಂಡರು. ಗ್ರಂಥಿ ತೆಗೆದ ಮರಿಗಳಿಗೆ ಮೆಲಟೋನಿನ್ ಕೊಟ್ಟರೆ ಬಾಗು ಕಡಿಮೆಯಾಗುತ್ತದೆ ಎಂದು ಮಚಿದಾ ತೋರಿಸಿದರು. ಇಲಿಗಳ ಮೇಲೂ ಪ್ರಯೋಗ ನಡೆಯಿತು. ನಾಲ್ಕು ಕಾಲಲ್ಲಿ ನಡೆಯುವ ಇಲಿಗೆ ಗ್ರಂಥಿ ತೆಗೆದರೂ ಏನೂ ಆಗಲಿಲ್ಲ. ಮುಂಗಾಲು ತೆಗೆದು ಎರಡು ಕಾಲಲ್ಲಿ ನಿಲ್ಲುವಂತೆ ಮಾಡಿದ ಇಲಿಗೆ ಬೆನ್ನು ಬಾಗಿತು. ಕೇಳಲು ಹಿಂಸೆ ಅನಿಸುತ್ತದೆ, ನನಗೂ ಓದುವಾಗ ಹಾಗೇ ಅನಿಸಿತ್ತು. ಆದರೆ ಅದರ ಅರ್ಥ ದೊಡ್ಡದು. ಹಾರ್ಮೋನು ಇಲ್ಲದಿರುವುದೊಂದೇ ಸಾಲದು, ನೆಟ್ಟಗೆ ನಿಂತ ಬೆನ್ನಿನ ಮೇಲೆ ಬೀಳುವ ಭಾರವೂ ಬೇಕು. ನಾವು ಮನುಷ್ಯರು ಎರಡು ಕಾಲಿನವರು, ಕೋಳಿಯೂ ಎರಡು ಕಾಲಿನದು. ಅಲ್ಲಿಗೆ ಎಲ್ಲ ಸರಿಹೊಂದಿತು ಅನಿಸಿತು. 1996ರಲ್ಲಿ ಮಚಿದಾ ತಂಡವೇ ಬಾಗು ಜಾಸ್ತಿಯಾಗುತ್ತಿರುವ ಮಕ್ಕಳ ರಕ್ತದಲ್ಲಿ ಮೆಲಟೋನಿನ್ ಕಡಿಮೆ ಇದೆ ಎಂದು ವರದಿ ಮಾಡಿತು. ನಿಮ್ಮ ಮೊಬೈಲಿಗೆ ಬಂದ ಸಂದೇಶದ ಬೇರು ಇಲ್ಲಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಮಾತ್ರೆ ಬರೆಯುತ್ತಿದ್ದೆ.

ಬೇರೆ ಕಡೆಯ ಡಾಕ್ಟರುಗಳು ತಮ್ಮ ಊರಿನ ಮಕ್ಕಳಲ್ಲಿ ಅದನ್ನೇ ಅಳೆದು ನೋಡಿದರು. ಬೆನ್ನು ಬಾಗಿದ ಮಕ್ಕಳಿಗೂ ನೆಟ್ಟಗಿರುವ ಮಕ್ಕಳಿಗೂ ಮೆಲಟೋನಿನ್ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಒಬ್ಬರಿಗಲ್ಲ, ಹಲವರಿಗೆ ಸಿಗಲಿಲ್ಲ. ಕೋಳಿಮರಿಗೆ ಮೆಲಟೋನಿನ್ ಕೊಟ್ಟು ಬಾಗು ತಡೆಯಲು ಹೋದ ಇನ್ನೊಂದು ತಂಡಕ್ಕೆ ಅದೂ ಆಗಲಿಲ್ಲ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಮಗೆ ಕೋಳಿಗಿಂತ ಎಷ್ಟೋ ಹತ್ತಿರದ ನೆಂಟರಾದ ಮಂಗಗಳ ಪೀನಿಯಲ್ ಗ್ರಂಥಿ ತೆಗೆದರು. ಅವುಗಳ ಬೆನ್ನು ಬಾಗಲಿಲ್ಲ. ಪ್ರಯೋಗಾಲಯಗಳಲ್ಲಿ ಸಾಕುವ ಒಂದು ಕಪ್ಪು ಇಲಿ ತಳಿಗೆ ಹುಟ್ಟಿನಿಂದಲೇ ಮೆಲಟೋನಿನ್ ಇಲ್ಲದಂತೆಯೇ. ಅವು ನಾಲ್ಕು ಕಾಲಲ್ಲಿ ನೆಟ್ಟಗಿನ ಬೆನ್ನು ಇಟ್ಟುಕೊಂಡು ಆರಾಮವಾಗಿ ಓಡಾಡಿಕೊಂಡಿವೆ.

ಆಮೇಲೆ ಪ್ರಶ್ನೆಯ ದಿಕ್ಕು ಬದಲಾಯಿತು. ಹಾರ್ಮೋನು ಸಾಕಷ್ಟಿದ್ದರೂ ಮೂಳೆಯ ಜೀವಕೋಶಗಳಿಗೆ ಅದರ ಮಾತು ಸರಿಯಾಗಿ ಕೇಳಿಸುತ್ತಿಲ್ಲವೇನೋ ಎಂದು ಕೆನಡಾದ ಮಾಂಟ್ರಿಯಲ್‌ನ ತಂಡವೊಂದು 2004ರಲ್ಲಿ ಹೇಳಿತು. ಹೊಲಕ್ಕೆ ನೀರು ಬಂದರೂ ಮಡಿಗೆ ಇಳಿಯದ ಹಾಗೆ. ಅದು ನಿಜವಾದರೂ ಕಾಲುವೆಗೆ ಇನ್ನಷ್ಟು ನೀರು ಬಿಟ್ಟರೆ ಪ್ರಯೋಜನವಿಲ್ಲ, ಅಲ್ವಾ? ಇತ್ತೀಚೆಗೆ ಗಮನ ವಂಶವಾಹಿಗಳ ಕಡೆ ತಿರುಗಿದೆ. 2011ರಲ್ಲಿ ಜಪಾನಿನವರು ಎಲ್‌ಬಿಎಕ್ಸ್1 ಎಂಬ ಜೀನಿನ ಹತ್ತಿರದ ಭಾಗಕ್ಕೂ ಈ ಬಾಗಿಗೂ ಒಂದು ಸಂಬಂಧ ಕಂಡುಹಿಡಿದರು. ಬೇರೆ ದೇಶಗಳ ಮಕ್ಕಳಲ್ಲೂ ಅದು ಕಂಡಿತು. ಒಂದೇ ಮನೆಯಲ್ಲಿ ಅಕ್ಕ-ತಂಗಿ, ಅಜ್ಜಿ-ಮೊಮ್ಮಗಳು ಎಂದು ಕಾಣಿಸಿಕೊಳ್ಳುವ ಕಾಯಿಲೆ ಇದು ಎಂಬುದು ನಮಗೆ ಮೊದಲೇ ಗೊತ್ತಿತ್ತು. ನಿಮ್ಮ ಮನೆಯ ಹಳೇ ಫೋಟೋಗಳಲ್ಲಿ ಯಾವ ಚಿಕ್ಕಮ್ಮನ ಭುಜ ಮೇಲಿದೆ ಎಂದು ಒಮ್ಮೆ ನೋಡಿ.

ಹಾಗಾದರೆ ತಡವಾಗಿ ಮಲಗುವ ಮಕ್ಕಳಲ್ಲೇ ಈ ಬಾಗು ಕಾಣುತ್ತದೆ ಎಂದು ಜನರಿಗೆ ಯಾಕೆ ಅನಿಸುತ್ತದೆ? ಎರಡೂ ಒಂದೇ ವಯಸ್ಸಿಗೆ ಬರುವುದರಿಂದ. ಹನ್ನೊಂದು, ಹನ್ನೆರಡಕ್ಕೆ ಮಕ್ಕಳು ಸರಸರನೆ ಉದ್ದ ಬೆಳೆಯಲು ಶುರು ಮಾಡುತ್ತಾರೆ. ಅಡಗಿದ್ದ ಬಾಗು ಆಗಲೇ ಹೊರಬೀಳುವುದು. ಅದೇ ವಯಸ್ಸಿನಲ್ಲಿ ಮೆದುಳಿನ ಗಡಿಯಾರವೂ ಒಂದೆರಡು ಗಂಟೆ ತಡವಾಗುತ್ತದೆ. ಮೊದಲು ಒಂಬತ್ತಕ್ಕೆ ಏರುತ್ತಿದ್ದ ಮೆಲಟೋನಿನ್ ಈಗ ಹತ್ತೂವರೆ, ಹನ್ನೊಂದಕ್ಕೆ ಏರುತ್ತದೆ. ಮಗಳು ‘ನಿದ್ದೆ ಬರ್ತಿಲ್ಲ ಅಮ್ಮ’ ಅಂದರೆ ಅದು ಪೂರ್ತಿ ನೆಪವಲ್ಲ. ಅದರ ಮೇಲೆ ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಗ್ರಂಥಿಗೆ ಇನ್ನೂ ಕತ್ತಲಾಗಿಲ್ಲ ಎಂಬ ಲೆಕ್ಕ. ಮೀಸೆ ಬರುವ ವಯಸ್ಸಿಗೇ ಸೈಕಲ್ ಕಲಿತ ಹುಡುಗನನ್ನು ನೋಡಿ, ಸೈಕಲ್ ಹೊಡೆದದ್ದಕ್ಕೆ ಮೀಸೆ ಬಂತು ಅಂದ ಹಾಗಾಯಿತು ಇದು.

ಇನ್ನೊಂದು ಮಾತು. ‘ಮೆಲಟೋನಿನ್ ಬ್ಲಡ್ ಟೆಸ್ಟ್ ಮಾಡಿಸೋಣ’ ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ. ಈ ಹಾರ್ಮೋನು ನಡುರಾತ್ರಿ ದಾಟಿದ ಮೇಲೆ ತುತ್ತತುದಿಗೆ ಹೋಗುತ್ತದೆ, ಹಗಲಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ಎಲ್ಲರ ರಿಪೋರ್ಟೂ ಕಡಿಮೆಯೇ.

ಗಮ್ಮಿ ವಿಷಯ. ಮೆಲಟೋನಿನ್ ವಿಷವಲ್ಲ. ಆಟಿಸಂ ಇರುವ, ನಿದ್ದೆಯೇ ಹತ್ತದ ಕೆಲವು ಮಕ್ಕಳಿಗೆ ನಮ್ಮ ಮಕ್ಕಳ ತಜ್ಞರು ಅಳೆದು ತೂಗಿ ಕೊಡುತ್ತಾರೆ, ಉಪಯೋಗವೂ ಆಗುತ್ತದೆ. ಆದರೆ ಅದು ಬಾಗಿದ ಬೆನ್ನನ್ನು ನಿಲ್ಲಿಸುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಇಲ್ಲ. ಬೆಳೆಯುವ ಮಗುವಿಗೆ ವರ್ಷಗಟ್ಟಲೆ ಒಂದು ಹಾರ್ಮೋನು ಕೊಡುವುದು, ಅದೂ ಮೈನೆರೆಯುವ ಹೊತ್ತಿನಲ್ಲಿ, ಸುಮ್ನೆ ಮಾಡುವ ಕೆಲಸವಲ್ಲ. ಬೆಳಗಿನ ಮಂಪರು, ತಲೆನೋವು, ಕೆಟ್ಟ ಕನಸು ಇವೆಲ್ಲ ಗೊತ್ತಿರುವ ತೊಂದರೆಗಳು. ಇನ್ನು ಆ ಡಬ್ಬಿಯೊಳಗೆ ಏನಿದೆ ಎಂಬ ಪ್ರಶ್ನೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಉಳಿದವುಗಳಲ್ಲಿ ಲೇಬಲ್ ಮೇಲೆ ಬರೆದದ್ದರ ಮುಕ್ಕಾಲು ಭಾಗದಿಂದ ಹಿಡಿದು ಮೂರೂವರೆ ಪಟ್ಟಿನ ಹತ್ತಿರದವರೆಗೆ ಸಿಕ್ಕಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ, ಅವರ ಕಣ್ಣಿಗೆ ಅದು ಚಾಕೊಲೇಟ್. ಭಾವನ ಮಗ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ‘ಡಾಕ್ಟರು ಬೇಡ ಅಂದರಪ್ಪ’ ಎಂದು ನನ್ನ ಮೇಲೆ ಹಾಕಿಬಿಡಿ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಚಾಪೆ ಮೇಲೆ ಮಲಗಿದರೆ ಬಾಗು ಹೋಗುವುದಿಲ್ಲ, ಹಾಸಿಗೆ ಮೇಲೆ ಮಲಗಿದರೆ ಬರುವುದೂ ಇಲ್ಲ. ಅವಳಿಗೆ ಎಲ್ಲಿ ನಿದ್ದೆ ಬರುತ್ತದೋ ಅಲ್ಲಿ ಮಲಗಲಿ. ಸೊಟ್ಟ ಕೂರುವುದರಿಂದ, ಒಂದೇ ಮಗ್ಗುಲಿಗೆ ಮಲಗುವುದರಿಂದ ಮೂಳೆ ತಿರುಚಿಕೊಳ್ಳುವುದಿಲ್ಲ. ಸ್ಕೂಲ್ ಬ್ಯಾಗ್ ಭಾರದಿಂದ ಬೆನ್ನು ನೋಯಬಹುದು, ಹೆಗಲು ಕೆಂಪಾಗಬಹುದು. ಸ್ಕೋಲಿಯೋಸಿಸ್ ಬರುವುದಿಲ್ಲ. 2020ರ ಸ್ಕೂಲ್ ಬ್ಯಾಗ್ ನೀತಿ ಹೇಳುವಂತೆ ಮಗುವಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಭಾರ ಹೊರಿಸಬಾರದು. ಅದು ಎಲ್ಲ ಮಕ್ಕಳಿಗೂ ಒಳ್ಳೆಯದೇ, ಬೆನ್ನು ಬಾಗಿರಲಿ ಬಿಡಲಿ. ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆ ಇದ್ದರೆ ತುಂಬಿಸಿ. ಅದರಿಂದ ಮೂಳೆ ಗಟ್ಟಿಯಾದೀತು, ಬಾಗು ನೆಟ್ಟಗಾಗದು.

ನಿಮ್ಮ ಮಗಳ ಬೆನ್ನು ಮುಂದೇನಾಗುತ್ತದೆ ಎಂಬುದನ್ನು ಹೇಳುವುದು ಅವಳ ಮುಂದಿರುವ ಬೆಳವಣಿಗೆ. ನಿದ್ದೆಗೆ ಅದರಲ್ಲಿ ಪಾತ್ರವಿಲ್ಲ. ಎಕ್ಸ್-ರೇಯಲ್ಲಿ ಸೊಂಟದ ಮೂಳೆಯ ಮೇಲಂಚು ಕಾಣುತ್ತದೆ. ಬೆಳೆಯುತ್ತಾ ಹೋದಂತೆ ಅದರ ಮೇಲೆ ಹೊಸ ಮೂಳೆಯ ಒಂದು ತೆಳು ಗೆರೆ ಮೂಡಿ, ಹೊರಗಡೆಯಿಂದ ಒಳಗಡೆಗೆ ಹಬ್ಬುತ್ತದೆ. ಇದನ್ನು ರಿಸ್ಸರ್ ಎಂದು 0ಯಿಂದ 5ರವರೆಗೆ ಎಣಿಸುತ್ತೇವೆ. ಅವಳು ಇನ್ನೂ ದೊಡ್ಡವಳಾಗಿಲ್ಲ ಎಂದು ಬರೆದಿದ್ದೀರಿ, ಹಾಗಾದರೆ ಅವಳದು 0 ಇರುವ ಸಾಧ್ಯತೆಯೇ ಹೆಚ್ಚು. ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

1984ರಲ್ಲಿ ಅಮೆರಿಕದ ಲಾನ್‌ಸ್ಟೀನ್ ಮತ್ತು ಕಾರ್ಲ್‌ಸನ್ ಎಂಬ ಡಾಕ್ಟರುಗಳು ಲೆಕ್ಕ ಹಾಕಿದ ಒಂದು ಪಟ್ಟಿ ಇದೆ, ನಾವು ಇವತ್ತಿಗೂ ಅದನ್ನೇ ತಲೆಯಲ್ಲಿಟ್ಟುಕೊಳ್ಳುತ್ತೇವೆ. ರಿಸ್ಸರ್ 0 ಅಥವಾ 1 ಇದ್ದು ಬಾಗು 20ಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 22 ಮಕ್ಕಳಿಗೆ ಬಾಗು ಮುಂದುವರಿಯಿತು. ಅದೇ ಬೆಳವಣಿಗೆಯ ಹಂತದಲ್ಲಿ 20ರಿಂದ 29 ಡಿಗ್ರಿ ಇದ್ದವರಲ್ಲಿ 68 ಮಕ್ಕಳಿಗೆ. ನಿಮ್ಮ ಮಗಳು ಈ ಎರಡು ಸಾಲುಗಳ ಗಡಿಯಲ್ಲಿ ನಿಂತಿದ್ದಾಳೆ. ಅಳತೆಯ 5 ಡಿಗ್ರಿ ಆಚೀಚೆ ನೆನಪಿದೆಯಲ್ಲ? ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಆರು ತಿಂಗಳು ಕಾಯಬೇಡಿ, ನಾಲ್ಕು ತಿಂಗಳಿಗೇ ಹೋಗಿ. ನಿಮ್ಮ ಡಾಕ್ಟರು ಹೇಳಿದ್ದು ತಪ್ಪು ಎಂದಲ್ಲ, ನಾಲ್ಕರಿಂದ ಆರು ತಿಂಗಳು ಎಂಬುದೇ ಎಲ್ಲರ ರೂಢಿ. ಸರಸರನೆ ಬೆಳೆಯುತ್ತಿರುವ ಹುಡುಗಿಗೆ ನಾನು ಮೊದಲ ತುದಿಯನ್ನು ಹಿಡಿಯುತ್ತೇನೆ. ‘ಔಷಧಿ ಏನೂ ಕೊಡಲಿಲ್ಲ’ ಎಂದು ಬೇಸರಪಟ್ಟಿದ್ದೀರಿ. ಈ ಹಂತದಲ್ಲಿ ಸರಿಯಾದ ದಿನಕ್ಕೆ ಮತ್ತೆ ನೋಡುವುದೇ ಚಿಕಿತ್ಸೆ. ಈ ವಿಷಯದಲ್ಲಿ ನನ್ನದೇ ಒಂದು ತಪ್ಪೂ ಇದೆ. ‘ಏನೂ ಮಾಡೋದು ಬೇಡ, ಆಮೇಲೆ ಬನ್ನಿ’ ಎಂದು ಹೇಳಿ ಕಳಿಸಿದ ಒಂದು ಹುಡುಗಿ ಎರಡು ವರ್ಷ ಬಿಟ್ಟು ಬಂದಳು, ಅಷ್ಟರಲ್ಲಿ 42 ಡಿಗ್ರಿ. ಆಮೇಲೆ ಅಂದರೆ ಯಾವಾಗ ಎಂದು ನಾನು ಹೇಳಿರಲಿಲ್ಲ. ಅಂದಿನಿಂದ ಚೀಟಿಯ ಮೇಲೆ ತಾರೀಕು ಬರೆದು, ಅದರ ಸುತ್ತ ಒಂದು ಗೆರೆ ಸುತ್ತಿ ಕೊಡುತ್ತೇನೆ.

ಅಷ್ಟರಲ್ಲಿ ಮನೆಯಲ್ಲಿ ಎರಡು ಕೆಲಸ ಮಾಡಬಹುದು. ಒಂದು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗುರುತುಗಳ ನಡುವಿನ ಅಂತರ ಜಾಸ್ತಿಯಾಗುತ್ತಿದ್ದರೆ ಎಚ್ಚರದ ಕಾಲ ನಡೆಯುತ್ತಿದೆ ಎಂದರ್ಥ. ಅವಳು ದೊಡ್ಡವಳಾದ ದಿನವನ್ನೂ ಬರೆದಿಡಿ. ಅಷ್ಟು ಹೊತ್ತಿಗೆ ಬೆಳವಣಿಗೆಯ ಜೋರು ಇಳಿಯಲು ಶುರುವಾಗಿರುತ್ತದೆ, ಸುಮಾರು ಎರಡು ವರ್ಷದಲ್ಲಿ ಹೆಚ್ಚುಕಡಿಮೆ ನಿಲ್ಲುತ್ತದೆ.

ಎರಡನೆಯದು ಬಗ್ಗಿಸಿ ನೋಡುವುದು. 1865ರಲ್ಲಿ ಲಂಡನ್ನಿನ ವಿಲಿಯಂ ಆಡಮ್ಸ್ ಎಂಬ ಸರ್ಜನ್ ವಿವರಿಸಿದ ಪರೀಕ್ಷೆ. ಪಾದ ಜೋಡಿಸಿ, ಮಂಡಿ ಮಡಚದೆ, ಎರಡು ಅಂಗೈ ಸೇರಿಸಿ, ನೆಲದ ಕಡೆಗೆ ನಿಧಾನವಾಗಿ ಬಗ್ಗಲಿ. ನೀವು ಹಿಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಎರಡು ಕಡೆಯೂ ಸಮ ಇರಬೇಕು. ಒಂದು ಕಡೆ ಪಕ್ಕೆಲುಬು ದಿಬ್ಬದ ಹಾಗೆ ಎದ್ದಿದ್ದರೆ ಅದೇ ತಿರುಚು. ತಿಂಗಳಿಗೊಮ್ಮೆ ಸಾಕು. ದಿನಾ ಬಗ್ಗಿಸಿ ನೋಡುತ್ತಾ ಕೂತರೆ ಬಾಗು ಕಾಣುವುದಿಲ್ಲ, ಮಗಳ ಮುಖ ಬಾಡುವುದು ಕಾಣುತ್ತದೆ.

ಮುಂದಿನ ಎಕ್ಸ್-ರೇಗೆ ಹಳೆಯ ಫಿಲ್ಮನ್ನೂ ಒಯ್ಯಿರಿ. ಹೋಲಿಸಲು ಅದಿಲ್ಲದಿದ್ದರೆ ಹೊಸದು ಅರ್ಧ ಬೆಲೆಯದು. ನಿಂತೇ ತೆಗೆಯಬೇಕು, ಹೋದ ಸಲದ ಹೊತ್ತಿಗೇ ತೆಗೆಸಿದರೆ ಒಳ್ಳೆಯದು. ಬೆನ್ನಿನ ಕಡೆಯಿಂದ ಕಿರಣ ಹಾಯುವ ಹಾಗೆ ನಿಲ್ಲಿಸಿ ಎಂದು ಕೇಳಿ. ಎದೆಯ ಭಾಗಕ್ಕೆ ವಿಕಿರಣ ಕಡಿಮೆ ಬೀಳುತ್ತದೆ, ಬೆಳೆಯುವ ಹುಡುಗಿಯರಿಗೆ ಅದು ಮುಖ್ಯ.

ಬಾಗು 25 ದಾಟಿದರೆ, ಅಥವಾ 20ರ ಮೇಲೆ ಹೋಗಿ ಒಂದೇ ಸಮನೆ 5 ಡಿಗ್ರಿಯಷ್ಟು ಏರಿದರೆ, ಬ್ರೇಸ್ ಮಾತು ಬರುತ್ತದೆ. ಜನ ಬೆಲ್ಟ್ ಅನ್ನುತ್ತಾರೆ, ಆದರೆ ಇದು ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಬೆಲ್ಟ್ ಅಲ್ಲ. ‘ಪೋಶ್ಚರ್ ಬೆಲ್ಟ್’ ಎಂದು ಆನ್‌ಲೈನಿನಲ್ಲಿ ಮಾರುವುದಂತೂ ಖಂಡಿತ ಅಲ್ಲ. ಮಗುವಿನ ಮೈಯ ಅಚ್ಚು ತೆಗೆದು ಮಾಡುವ ಗಟ್ಟಿ ಪ್ಲಾಸ್ಟಿಕ್ ಕವಚ. ಅದು ನಿಜವಾಗಿ ಕೆಲಸ ಮಾಡುತ್ತದಾ ಎಂಬ ಜಗಳ ಬಹಳ ಕಾಲ ಇತ್ತು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ 2013ರಲ್ಲಿ ಅದನ್ನು ಬಗೆಹರಿಸಿತು. ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಹಾಕದವರಲ್ಲಿ 48. ಬ್ರೇಸಿನೊಳಗೆ ಮೈಬಿಸಿ ಅಳೆಯುವ ಸಣ್ಣ ಸಾಧನ ಇಟ್ಟಿದ್ದರು, ಹಾಗಾಗಿ ಯಾರು ನಿಜಕ್ಕೂ ಹಾಕಿಕೊಂಡರು, ಯಾರು ಮಂಚದ ಕೆಳಗೆ ತಳ್ಳಿದರು ಎಂಬುದೆಲ್ಲ ಗೊತ್ತಾಯಿತು. ದಿನಕ್ಕೆ ಸುಮಾರು 13 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಗೆದ್ದರು. ಆದರೆ ಏನೂ ಹಾಕದ 48 ಮಕ್ಕಳೂ ಪಾರಾದರು ಎಂಬುದನ್ನು ಗಮನಿಸಿ. ಯಾರು ಹಾಗೇ ಪಾರಾಗುತ್ತಾರೆ ಎಂದು ಮೊದಲೇ ಹೇಳಲು ನಮಗೆ ಬಂದಿದ್ದರೆ ಎಷ್ಟೋ ಮಕ್ಕಳಿಗೆ ಕವಚದ ಕಷ್ಟ ತಪ್ಪುತ್ತಿತ್ತು.

ಬ್ರೇಸ್ ಬಾಗನ್ನು ನೆಟ್ಟಗೆ ಮಾಡುವುದಿಲ್ಲ, ಇದ್ದಲ್ಲೇ ತಡೆಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಮನೆಯವರಿಗೆ ಮೋಸಹೋದಂತೆ ಅನಿಸುತ್ತದೆ. ಕಷ್ಟಗಳೂ ಇವೆ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೇ ಗೊತ್ತು. ಒಳಗೆ ಹೊಲಿಗೆ ಗಂಟಿಲ್ಲದ ಹತ್ತಿ ಬನಿಯನ್ ಹಾಕಬೇಕು, ದಿನಕ್ಕೆರಡು ಸಲ ಬದಲಿಸಬೇಕು, ಚರ್ಮ ಕೆಂಪಾದ ಜಾಗ ನೋಡಿಕೊಳ್ಳಬೇಕು. ಮೊದಲ ಹದಿನೈದು ದಿನ ನಿದ್ದೆ ಕೆಡುವುದು ನಿಶ್ಚಿತ. ಮೈಗಿಂತ ಮನಸ್ಸಿಗೆ ಆಗುವ ಕಿರಿಕಿರಿ ದೊಡ್ಡದು. ಒಬ್ಬ ಹುಡುಗಿ ಕ್ಲಾಸಿನಲ್ಲಿ ಪೆನ್ಸಿಲ್ ಬಿದ್ದರೆ ಬಗ್ಗಿ ಎತ್ತಿಕೊಳ್ಳಲು ಆಗುವುದಿಲ್ಲ ಎಂದು ಅತ್ತಿದ್ದಳು. ಅವಳ ಗೆಳತಿಯೊಬ್ಬಳು ಪೆನ್ಸಿಲಿಗೆ ದಾರ ಕಟ್ಟಿ ಡೆಸ್ಕಿಗೆ ನೇತುಹಾಕಿದಳಂತೆ. ನನಗೆ ಹೊಳೆದಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ.

ವ್ಯಾಯಾಮದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಸ್ಕೋಲಿಯೋಸಿಸ್‌ಗೆಂದೇ ಮಾಡಿದ ವ್ಯಾಯಾಮಗಳಿವೆ, ಜರ್ಮನಿಯ ಶ್ರೋತ್ ಪದ್ಧತಿ ಅದರಲ್ಲಿ ಹೆಸರುವಾಸಿ. ಕಲಿತ ಫಿಸಿಯೋಥೆರಪಿಸ್ಟ್ ಸಿಕ್ಕರೆ ಮಾಡಿಸಿ, ನಿಲ್ಲುವ ಭಂಗಿ ಸುಧಾರಿಸುತ್ತದೆ. ಬ್ರೇಸ್ ಬೇಕಾದ ಮಗುವಿಗೆ ಬ್ರೇಸಿನ ಬದಲು ಅದನ್ನೇ ನಂಬಿ ಕೂರಬೇಡಿ. ಯೋಗಾಸನಕ್ಕೂ ಇದೇ ಮಾತು. ಬೆನ್ನುಮೂಳೆಯನ್ನು ‘ಕಟಕ್’ ಎನಿಸಿ ಕೂರಿಸುತ್ತೇನೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಆಪರೇಷನ್ ಮಾತು ಬರುವುದು 45-50 ಡಿಗ್ರಿ ದಾಟಿದಾಗ. ಬೆಳವಣಿಗೆ ನಿಂತ ಮೇಲೆ 30ರ ಕೆಳಗಿನ ಬಾಗು ಸಾಮಾನ್ಯವಾಗಿ ಹಾಗೇ ಇದ್ದುಬಿಡುತ್ತದೆ. 50 ದಾಟಿದ್ದು ದೊಡ್ಡವರಾದ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರಬಹುದು. ಸ್ಕ್ರೂ, ರಾಡ್ ಹಾಕಿ ಬಾಗಿದ ಭಾಗದ ಮೂಳೆಗಳನ್ನು ಒಂದಾಗಿ ಬೆಸೆಯುತ್ತೇವೆ, ಆ ಭಾಗ ಮುಂದೆ ಬಗ್ಗುವುದಿಲ್ಲ. ನರಕ್ಕೆ ಪೆಟ್ಟಾಗುವ ಅಪಾಯ ನೂರರಲ್ಲಿ ಒಂದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಸೋಂಕಿನ ಭಯವೂ ಉಂಟು. ನಿಮ್ಮ ಮಗಳು ಅಲ್ಲಿಂದ ಬಹಳ ದೂರದಲ್ಲಿದ್ದಾಳೆ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಕೆಲವು ಲಕ್ಷಣ ಕಂಡರೆ ಮಾತ್ರ ನಾಲ್ಕು ತಿಂಗಳೂ ಕಾಯಬಾರದು. ಈ ಬಾಗು ಸಾಮಾನ್ಯವಾಗಿ ಅಷ್ಟು ನೋಯುವುದಿಲ್ಲ. ಬೆನ್ನುನೋವಿಗೇ ರಾತ್ರಿ ಎಚ್ಚರವಾಗುತ್ತಿದ್ದರೆ ಅದು ಬೇರೆಯದೇ ವಿಷಯ, ಮೂಳೆಯಲ್ಲಿ ಸಣ್ಣ ಗಂಟು ಇರಬಹುದು, ಸೋಂಕು ಇರಬಹುದು. ಅವಳು ತಡವಾಗಿ ಮಲಗುವುದು ಮೊಬೈಲಿಗಾ, ನೋವಿಗಾ ಎಂದು ಒಮ್ಮೆ ಮೆಲ್ಲಗೆ ಕೇಳಿ. ಕಾಲು ಜೋಮು ಹಿಡಿಯುವುದು, ನಡಿಗೆ ಬದಲಾಗುವುದು, ಮೂತ್ರ ಹಿಡಿದುಕೊಳ್ಳಲು ಆಗದಿರುವುದು, ಮೈಮೇಲೆ ಕಾಫಿ ಬಣ್ಣದ ಹಲವು ಮಚ್ಚೆ ಇವಿದ್ದರೆ ಎಂಆರ್‌ಐ ಬೇಕಾಗಬಹುದು. ಎದೆಭಾಗದ ಬಾಗು ಎಡಕ್ಕಿದ್ದರೂ ನಾವು ಸ್ವಲ್ಪ ಅನುಮಾನದಿಂದ ನೋಡುತ್ತೇವೆ. ನಿಮ್ಮ ಮಗಳದು ಬಲಕ್ಕೆ, ಎಲ್ಲರಲ್ಲೂ ಕಾಣುವ ಮಾಮೂಲು ದಿಕ್ಕು.

ನಿದ್ದೆಯನ್ನು ಸರಿಮಾಡಿ, ಆದರೆ ನಿದ್ದೆಗೋಸ್ಕರವೇ ಮಾಡಿ. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವುದು ಮೊದಲ ಗಾಢ ನಿದ್ದೆಯಲ್ಲಿ. ಮೊಬೈಲ್ ಚಾರ್ಜರನ್ನು ಅವಳ ಕೋಣೆಯಿಂದ ಹಾಲಿಗೆ ತನ್ನಿ. ಅಪ್ಪ-ಅಮ್ಮನ ಮೊಬೈಲೂ ಅಲ್ಲೇ ಇದ್ದರೆ ಜಗಳ ಕಡಿಮೆ. ಒಂದರಿಂದ ಒಮ್ಮೆಗೇ ಹತ್ತಕ್ಕೆ ಎಳೆಯಬೇಡಿ, ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಬೆಳಿಗ್ಗೆ ಎದ್ದ ಕೂಡಲೇ ಹೊರಗಿನ ಬೆಳಕು ಬೀಳಲಿ, ರಂಗೋಲಿ ಹಾಕಲು ಕಳಿಸಿದರೂ ಆಯಿತು. ಭಾನುವಾರ ಹತ್ತರವರೆಗೆ ಮಲಗಿದರೆ ವಾರದ ದುಡಿಮೆ ಹಾಳು. ಇಷ್ಟು ಮಾಡಿಯೂ ಬೆನ್ನಿನ ಡಿಗ್ರಿ ಏರಿದರೆ, ನೀನು ರಾತ್ರಿ ಎದ್ದಿದ್ದಕ್ಕೇ ಹೀಗಾಯಿತು ಎಂದು ಮಾತ್ರ ಅವಳಿಗೆ ಹೇಳಬೇಡಿ. ಅದು ಸುಳ್ಳು.

ನಿಮ್ಮ ಅತ್ತೆಯವರಿಗೆ ಒಂದು ಮಾತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಚಿಕಿತ್ಸೆಯನ್ನೇ ಪಡೆಯದ ಸ್ಕೋಲಿಯೋಸಿಸ್ ರೋಗಿಗಳನ್ನು 50 ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಬೆನ್ನುನೋವು ಉಳಿದವರಿಗಿಂತ ಜಾಸ್ತಿ ಇತ್ತು ನಿಜ, ಆದರೆ ಬಹುಪಾಲು ಜನ ಕೆಲಸ, ಸಂಸಾರ, ಮಕ್ಕಳು-ಮರಿ ಎಂದು ಎಲ್ಲರಂತೆ ಬಾಳಿ ಮುದುಕರಾಗಿದ್ದರು. ಅವರ ಬಾಗು ನಿಮ್ಮ ಮೊಮ್ಮಗಳದ್ದಕ್ಕಿಂತ ಎಷ್ಟೋ ದೊಡ್ಡದು. ಬಸುರಿ, ಬಾಣಂತನಕ್ಕೆ 18 ಡಿಗ್ರಿ ಅಡ್ಡ ಬರುವುದಿಲ್ಲ.

ಇನ್ನು ಖೊ-ಖೊ. ಆಡಲಿ. ಓಡಲಿ, ಬಗ್ಗಲಿ, ಕಂಬ ಸುತ್ತಲಿ, ಡೈವ್ ಹೊಡೆದು ಮಂಡಿ ತರಚಿಕೊಂಡು ಬರಲಿ. ಆಟದಿಂದ ಬಾಗು ಜಾಸ್ತಿಯಾಗುವುದಿಲ್ಲ. ಮುಂದೆ ಬ್ರೇಸ್ ಬಂದರೂ ಆಟದ ಹೊತ್ತಿಗೆ ಬಿಚ್ಚಿಡಬಹುದು. ಪಿಟಿ ಮೇಷ್ಟ್ರು ಹೆದರಿದರೆ ನಿಮ್ಮ ಡಾಕ್ಟರ ಹತ್ತಿರ ಒಂದು ಸಾಲಿನ ಚೀಟಿ ಬರೆಸಿಕೊಳ್ಳಿ. ಆ ಟೈಲರ್ ಅಣ್ಣನಿಗೂ ಒಂದು ಥ್ಯಾಂಕ್ಸ್ ಹೇಳಿ. ಬ್ಲೌಸಿನ ಎಡಭುಜಕ್ಕೆ ಅರ್ಧ ಇಂಚು ಪ್ಯಾಡ್ ಕೊಟ್ಟರೆ ಹಬ್ಬಕ್ಕೆ ಯಾರಿಗೂ ಗೊತ್ತಾಗುವುದಿಲ್ಲ.